ಕೂರ್ಮಗಡದ ಮೇಲಿಂದ ಕಂಡ ಬಳ್ಳಾರಿ

ಬಳ್ಳಾರಿ ಸೀಮೆಯ ನಮಗೆ ಸಮುದ್ರವೆಂದರೆ ನಕ್ಷೆಯ ಎಡಗಡೆ ಬಳಿದ ನೀಲಿ ಬಣ್ಣ, ಅಷ್ಟೇ. ನೀರಿನ ವಿಷಯದಲ್ಲಿ ನಮ್ಮ ಅನುಭವ ಹಗರಿ ಹೊಳೆಯ ಮರಳು, ತುಂಗಭದ್ರೆಯ ಕಾಲುವೆ, ಬೇಸಿಗೆಗೆ ಬತ್ತುವ ಕೊಳವೆಬಾವಿ ಇವನ್ನು ದಾಟಿ ಹೋಗುವುದಿಲ್ಲ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಎರೆಸೀಮೆಯವರು ನಾವು. ಕಾರವಾರದಲ್ಲಿ 3,000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಡಂ ಒಂದು ಸೊನ್ನೆ ಹೆಚ್ಚು ಹಾಕಿರಬೇಕು ಎಂಬುದು ಅವರ ಅನುಮಾನ.

ಹೀಗಿರುವಾಗ ಒಂಬತ್ತನೇ ತರಗತಿಯಲ್ಲಿ ವಿಜಯನಗರದ ಪಾಠ ಮಾಡುತ್ತಿದ್ದೆ. ಅರಬ್ ದೇಶದಿಂದ, ಪರ್ಷಿಯಾದಿಂದ ಕುದುರೆ ತರಿಸುತ್ತಿದ್ದರು ಎಂಬ ಸಾಲು ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಕುದುರಿ ಹಡಗಿನಾಗ ಬಂದ್ವು ಅಂದ್ರಿ. ಹಡಗು ಎಲ್ಲಿಗೆ ಬಂತು? ಅಲ್ಲಿಂದ ಹಂಪಿಗೆ ಯಾವ ದಾರಿ?" ಎಂದು ಕೇಳಿದಳು. ಭಟ್ಕಳ, ಹೊನ್ನಾವರ, ಗೋವಾ ಎಂದು ಮೂರು ಹೆಸರು ಹೇಳಿ ಕೂರಿಸಿದೆ. ಉತ್ತರ ತಪ್ಪೇನಲ್ಲ. ಆದರೆ ಅವಳು ಕೇಳಿದ್ದು ಹೆಸರನ್ನಲ್ಲ, ದಾರಿಯನ್ನು. ಆ ದಾರಿಯ ಈಚೆ ತುದಿಯಲ್ಲಿ ಹುಟ್ಟಿ ಬೆಳೆದ ನಾನು ಆಚೆ ತುದಿಯನ್ನು ಕಣ್ಣಾರೆ ನೋಡಬೇಕು ಅನ್ನಿಸಿದ್ದು ಆಗ.

ಅನುಕೂಲವೂ ತಾನಾಗಿ ಒದಗಿತು. ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯ ಅಕ್ಕನನ್ನು ಕಾರವಾರಕ್ಕೆ ಕೊಟ್ಟಿದೆ. ಬನದ ಹುಣ್ಣಿಮೆಯ ದಿನ ಅಲ್ಲಿ ಸಮುದ್ರದ ನಡುವಿನ ಕೂರ್ಮಗಡ ಎಂಬ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ ನಡೆಯುತ್ತದೆ, ವರ್ಷಕ್ಕೆ ಅದೊಂದು ದಿನ ಜನ ಹಿಂಡುಹಿಂಡಾಗಿ ದೋಣಿಯಲ್ಲಿ ಹೋಗುತ್ತಾರೆ ಎಂದು ಅವರು ಹೇಳಿಕಳಿಸಿದರು. ಬನದ ಹುಣ್ಣಿಮೆ ಎಂದರೆ ನಮಗೆ ಬಾದಾಮಿಯ ಬನಶಂಕರಿ ಜಾತ್ರೆ. ಅದೇ ಹುಣ್ಣಿಮೆಗೆ ಕಡಲಿನ ಮೇಲೂ ಒಂದು ಜಾತ್ರೆ ಇದೆಯೆಂದು ಗೊತ್ತಿರಲಿಲ್ಲ. 2025ರಲ್ಲಿ ಹುಣ್ಣಿಮೆ ಸಂಕ್ರಾಂತಿಯ ಹಿಂದಿನ ದಿನ ಬಿತ್ತು. ಭಾನುವಾರಕ್ಕೂ ಹಬ್ಬಕ್ಕೂ ನಡುವೆ ಇದ್ದ ಒಂದೇ ಸೋಮವಾರಕ್ಕೆ ರಜೆ ಬರೆದು ನಾವಿಬ್ಬರೂ ಹೊರಟೆವು.

ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ. ಹುಬ್ಬಳ್ಳಿಯವರೆಗೆ ಕಪ್ಪು ಮಣ್ಣು ನಮ್ಮ ಜೊತೆಯಲ್ಲೇ ಬಂತು. ಕಲಘಟಗಿ ದಾಟಿದ ಮೇಲೆ ಮಣ್ಣು ಕೆಂಪಾಯಿತು, ಮರಗಳು ಎತ್ತರವಾದವು. ಅರಬೈಲಿನ ತಿರುವುಗಳಲ್ಲಿ ಬಸ್ಸು ಇಳಿಯುತ್ತಿದ್ದಾಗ ನಾನು ಹೊರಗಿನ ಕಾಡನ್ನು ನೋಡುವುದು ಬಿಟ್ಟು, ಇಂಥ ಇಳಿಜಾರನ್ನು ಕುದುರೆಗಳು ಹೇಗೆ ಏರಿದವು, ಹೇರೆತ್ತುಗಳು ಹೇಗೆ ಇಳಿದವು ಎಂದು ಯೋಚಿಸುತ್ತಿದ್ದೆ. ಟಾರು ರಸ್ತೆ ಬರುವ ಮುಂಚೆ ಘಟ್ಟದ ಮೇಲಕ್ಕೂ ಕೆಳಕ್ಕೂ ಸರಕು ಸಾಗಿಸಿದವು ಎತ್ತುಗಳೇ. ಹತ್ತಿಯನ್ನು ಕೆಳಗೆ ಇಳಿಸಿ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯಂಥ ಕಡೆ ಉಪ್ಪು ಹೇರಿಕೊಂಡು ಮತ್ತೆ ಮೇಲೆ ಬರುತ್ತಿದ್ದವು. ನಮ್ಮ ಅಜ್ಜಿಯರ ಕಾಲದ ಉಪ್ಪಿನಕಾಯಿ ಜಾಡಿಯಲ್ಲಿ ಈ ಕಡಲೂ ಒಂದಿಷ್ಟು ಇದ್ದೀತು.

ಕಾರವಾರದ ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುತ್ತದೆ. ನದಿಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಅದರ ಬುಡದ ಊರು ಚಿತ್ತಾಕುಲ. ಪೋರ್ಚುಗೀಸರು ಅದನ್ನು ಸಿಂತಾಕೋರ ಎಂದು ಬರೆದರು. 18ನೇ ಶತಮಾನದ ಮೊದಲ ಭಾಗದಲ್ಲಿ ಸೋದೆಯ ಅರಸು ಬಸವಲಿಂಗ ಅಲ್ಲಿ ಕೋಟೆ ಕಟ್ಟಿ ತನ್ನ ತಂದೆ ಸದಾಶಿವನ ಹೆಸರಿಟ್ಟ. ನದಿಯ ಬಾಯಿಗೆ ಎದುರಾಗಿ, ಸಮುದ್ರದಲ್ಲಿ ಆಮೆ ಬೆನ್ನು ಮಾಡಿ ಮಲಗಿದಂತೆ ಇರುವುದೇ ಕೂರ್ಮಗಡ. ಗಡ ಎಂದರೆ ಕೋಟೆ. ಅದಕ್ಕೂ ಪಡುವಣಕ್ಕೆ ದೇವಗಡ. ಅದರ ಮೇಲೆ 1864ರಲ್ಲಿ ಬೆಳಗಿದ ದೀಪಸ್ತಂಭ.

ಕೋಡಿಬಾಗದ ದಡದಲ್ಲಿ ದೋಣಿ ಹತ್ತುವ ಮೊದಲು ನಮ್ಮೆಲ್ಲರಿಗೂ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಡಿಸಿದರು. ಸೀರೆಯ ಮೇಲೆ ಅದನ್ನು ಬಿಗಿದುಕೊಂಡಾಗ ನಾವಿಬ್ಬರೂ ಹೇರು ಕಟ್ಟಿದ ಎತ್ತಿನಂತೆ ಕಾಣುತ್ತಿದ್ದೆವು. ನಗು ಬಂತು. ಆದರೆ ಅಕ್ಕ ನಗಲಿಲ್ಲ. "ಇದು ಮೊದಲು ಹೀಗೆ ಇರಲಿಲ್ಲ, ತಂಗಿ," ಎಂದಷ್ಟೇ ಹೇಳಿದರು. ಅವರ ಮಾತಿನ ಹಿಂದೆ ಇದ್ದದ್ದು 2019ರ ಜನವರಿ 21. ಆ ವರ್ಷದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು. ಸತ್ತವರಲ್ಲಿ ಮಕ್ಕಳಿದ್ದರು. ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಮನೆತನದ ಹಲವರಿದ್ದರು. ನಮ್ಮಂಥ ಬಯಲುಸೀಮೆಯವರು, ಕೆರೆ ದಾಟುವುದೂ ಗೊತ್ತಿರದೆ ಕಡಲಿಗೆ ಬಂದವರು. ಆ ಸುದ್ದಿಯನ್ನು ಅಂದು ನಾನು ಊರಿನಲ್ಲಿ ಕೂತು ಓದಿದ್ದೆ. ಅದೇ ನೀರಿನ ಮೇಲೆ ಕೂತಾಗ ಅದು ಬೇರೆಯೇ ಸುದ್ದಿಯಾಯಿತು.

ದಡದಲ್ಲಿ ಸಪ್ಪಗಿದ್ದ ನೀರು ನದಿಯ ಬಾಯಿ ದಾಟಿದ ಕೂಡಲೇ ಎದ್ದು ನಿಂತಿತು. ನದಿ ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ; ಎರಡರ ನಡುವೆ ದೋಣಿ ಕುಣಿಯುತ್ತದೆ. ನಡೆಸುವವರು ಖಾರ್ವಿ ಸಮಾಜದ ಮಧ್ಯವಯಸ್ಸಿನವರು. ಕೊಂಕಣಿಯಲ್ಲಿ ಒಬ್ಬರನ್ನು, ಕನ್ನಡದಲ್ಲಿ ಒಬ್ಬರನ್ನು ಗದರುತ್ತ, ಯಾರೂ ಎದ್ದು ನಿಲ್ಲದಂತೆ ನೋಡಿಕೊಂಡರು. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಎನ್ನುವುದು ನಮಗೆ ಹೊಸದಲ್ಲ. ನಮ್ಮ ಕಡೆ ಕನ್ನಡ ತೆಲುಗು, ಅಲ್ಲಿ ಕನ್ನಡ ಕೊಂಕಣಿ ಮರಾಠಿ. ಗಡಿಯ ಜನರ ನಾಲಗೆ ಎಲ್ಲ ಕಡೆಯೂ ಒಂದೇ ರೀತಿ ಹೊರಳುತ್ತದೆ.

ದೋಣಿಯಿಂದ ಬಂಡೆಯ ಮೇಲೆ ಕಾಲಿಡುವಾಗ ಇಬ್ಬರು ಹುಡುಗರು ಕೈ ಹಿಡಿದು ಇಳಿಸಿದರು. ಜನರ ಹೆಗಲ ಮೇಲೆ ಬಾಳೆಗೊನೆಗಳು. ಇಲ್ಲಿ ನರಸಿಂಹನಿಗೆ ಬಾಳೆಗೊನೆಯ ಹರಕೆ. ಮೀನುಗಾರರು ವರ್ಷವಿಡೀ ಬಲೆ ತುಂಬಲಿ, ದೋಣಿ ಮರಳಲಿ ಎಂದು ಕೇಳಿಕೊಳ್ಳುತ್ತಾರೆ. ಗೋವಾದ ಕಡೆಯವರೂ ಇದ್ದರು. ದೇವರಿಗೆ ಕೈಮುಗಿದು, ಹಣ್ಣು ತಿಂದು, ನಾವು ಗುಡ್ಡದ ಏರಿನಲ್ಲಿ ನೆರಳು ನೋಡಿ ಕೂತೆವು. ಸುತ್ತ ನೀರು. ಮೂಡಣಕ್ಕೆ ಕಾಳಿಯ ಬಾಯಿ, ಅದರ ಹಿಂದೆ ಸಹ್ಯಾದ್ರಿಯ ನೀಲಿ ಗೋಡೆ. ಆ ಗೋಡೆಯ ಆಚೆ ನಮ್ಮ ಊರು. ದಕ್ಷಿಣಕ್ಕೆ ಕಾರವಾರದ ಗುಡ್ಡದ ತಲೆ. ಅದರಾಚೆ ಅಂಜದೀವ ಇದೆ ಎಂದು ದೋಣಿಯವರು ಕೈ ತೋರಿದರು.

ಅಂಜದೀವ ಸಣ್ಣ ನಡುಗಡ್ಡೆ. ಆದರೆ ಅದರ ಕತೆ ಸಣ್ಣದಲ್ಲ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ತನ್ನ ಹಡಗನ್ನು ದುರಸ್ತಿ ಮಾಡಿಸಿ ಸಿಹಿನೀರು ತುಂಬಿಸಿಕೊಂಡದ್ದು ಅಲ್ಲಿ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡ ಅಲ್ಲಿ ಕೋಟೆ ಎಬ್ಬಿಸಿದ. ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಅದೇ 1505ರಲ್ಲಿ ಅವನು ಹೊನ್ನಾವರಕ್ಕೆ ಹೋಗಿ ಹಡಗುಗಳಿಗೆ ಬೆಂಕಿ ಇಟ್ಟ. ಹೊನ್ನಾವರದ ಕಡಲನಾಯಕ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಮೊದಲು ಅವರ ಎದುರು ನಿಂತು, ಆಮೇಲೆ ಅವರ ಜೊತೆ ಸೇರಿದ. 1510ರಲ್ಲಿ ಗೋವಾದ ಮೇಲೆ ಹೋಗು ಎಂದು ಅಲ್ಬುಕರ್ಕ್‌ನಿಗೆ ಹೇಳಿದವರಲ್ಲಿ ಅವನು ಮುಖ್ಯ.

ಇದರಿಂದ ಹಂಪಿಗೆ ಏನಾಯಿತು ಎಂಬುದೇ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ. 2021ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯ ಸೈನ್ಯ ಕುದುರೆಯ ಮೇಲೆ ನಿಂತಿತ್ತು. ನಮ್ಮ ಬಿಸಿಲಿಗೆ, ನಮ್ಮ ಮೇವಿಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ಆದ್ದರಿಂದ ಹರ್ಮುಜ್, ಏಡನ್‌ಗಳಿಂದ ಹಡಗಿನಲ್ಲಿ ತರಿಸಬೇಕು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟ ಪ್ರಕಾರ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ಅವನೇ ಹೇಳುವ ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ಸಾಳುವ ನರಸಿಂಹನ ಕಾಲದಲ್ಲಿ ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದರಂತೆ. ಸಮುದ್ರದಲ್ಲಿ ಸತ್ತರೆ ವ್ಯಾಪಾರಿ ಅದರ ಬಾಲವನ್ನು ಮಾತ್ರ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯಷ್ಟೇ ಹಣ. ನಷ್ಟದ ಹೆದರಿಕೆ ಇಲ್ಲದಿದ್ದರೆ ವ್ಯಾಪಾರಿ ಮತ್ತೆ ಬರುತ್ತಾನೆ ಎಂಬುದು ಅರಸನ ಲೆಕ್ಕ. ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಸಾಲಾಗಿ ನಡೆಯುವ ಕುದುರೆಗಳನ್ನು ನಾನು ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೇನೆ. ಅವುಗಳ ಹಿಂದೆ ಕಡಲಿಗೆ ಬಿದ್ದ ಬಾಲವಿಲ್ಲದ ಕುದುರೆಗಳ ಸಾಲೊಂದು ಇತ್ತು ಎಂದು ಈಗ ತಿಳಿಯಿತು.

ಪೋರ್ಚುಗೀಸರು ಗೋವಾ ಹಿಡಿದು ಕಡಲಿನ ಮೇಲೆ ಕಾವಲು ಹಾಕಿದ ಮೇಲೆ ಕುದುರೆಯ ಬಾಗಿಲು ಅವರ ಕೈಗೆ ಹೋಯಿತು. ವಿಜಯನಗರವೂ ಬಿಜಾಪುರವೂ ಆ ಬಾಗಿಲ ಮುಂದೆ ಕಾಯಬೇಕಾಯಿತು. 1547ರಲ್ಲಿ ಗೋವಾದ ಗವರ್ನರ್ ಜೊವಾಂವ್ ದ ಕಾಸ್ಟ್ರೊ ವಿಜಯನಗರದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಗೋವಾಕ್ಕೆ ಬರುವ ಕುದುರೆಗಳನ್ನು ಕೊಳ್ಳುವ ಹಕ್ಕು ವಿಜಯನಗರಕ್ಕೇ ಎಂದು ಬರೆದುಕೊಂಡರು. ಒಪ್ಪಂದ ಹೆಚ್ಚು ಕಾಲ ಬಾಳಲಿಲ್ಲ. 1565ರಲ್ಲಿ ರಾಜಧಾನಿ ಬಿದ್ದಿತು. ನಾವು ಪಾಠ ಹೇಳುವಾಗ ರಕ್ಕಸಗಿ ತಂಗಡಗಿಯ ರಣರಂಗವನ್ನು ಮಾತ್ರ ಹೇಳುತ್ತೇವೆ. ಒಂದು ದೊಡ್ಡ ರಾಜ್ಯದ ಲಗಾಮು ಈ ನೀರಿನ ಮೇಲೆ, ಇಂಥ ನಡುಗಡ್ಡೆಗಳ ನಡುವೆ ಹಾದುಹೋಗುವ ಹಡಗುಗಳಲ್ಲಿ ಇತ್ತು ಎನ್ನುವುದನ್ನು ಹೇಳುವುದಿಲ್ಲ.

ಅಂಜದೀವದಲ್ಲಿ ಬೇರೆಯವರೂ ನರಳಿದರು. 1661ರ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಮುಂಬಯಿ ಬಳುವಳಿಯಾಗಿ ಸಿಕ್ಕಿತು. ಅದನ್ನು ವಹಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಯ ಕೆಳಗೆ ಸುಮಾರು 400 ಸಿಪಾಯಿಗಳು ಬಂದರು. ಇಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಬೇರೆ ಜಾಗವಿಲ್ಲದೆ ಆ ಸೈನ್ಯ ಅಂಜದೀವದಲ್ಲಿ ಬೀಡು ಬಿಟ್ಟಿತು. ಮಳೆ, ಜ್ವರ, ಹಸಿವು. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸು. ಬಳುವಳಿಯ ಲೆಕ್ಕದಲ್ಲಿ ಮುಂಬಯಿ ಸೇರಿತು, ಸತ್ತ ಮುನ್ನೂರು ಸಿಪಾಯಿಗಳು ಸೇರಲಿಲ್ಲ.

1682ರಲ್ಲಿ ಪೋರ್ಚುಗೀಸರು ಮತ್ತೆ ಅಲ್ಲಿ ಕೋಟೆ ಕಟ್ಟಿಕೊಂಡು 1961ರವರೆಗೂ ಕೂತರು. ಭಾರತಕ್ಕೆ ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದ ಮೇಲೂ ಕಾರವಾರದ ಕಣ್ಣೆದುರಿನ ಆ ದ್ವೀಪದ ಮೇಲೆ ಪರದೇಶದ ಬಾವುಟ ಹಾರುತ್ತಿತ್ತು. 1961ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ ತ್ರಿಶೂಲ್ ಹಡಗಿನಿಂದ ಇಳಿದ ನಾವಿಕರು ಅದನ್ನು ಬಿಡಿಸಿಕೊಂಡರು. ಬೆಂಬಲಕ್ಕೆ ಇದ್ದ ಇನ್ನೊಂದು ಹಡಗಿನ ಹೆಸರು ಮೈಸೂರು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಈಗ ಆ ಪ್ರದೇಶವೆಲ್ಲ ನೌಕಾನೆಲೆಗೆ ಸೇರಿದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಕದಂಬ ಎಂಬ ಹೆಸರಿನ ನೆಲೆ ಕೆಲಸ ಆರಂಭಿಸಿತು. ಅದಕ್ಕಾಗಿ ಅರ್ಗಾ, ಬಿಣಗಾ ಕಡೆಯ ಎಷ್ಟೋ ಮನೆಗಳು ಎದ್ದು ಹೋದವು. ದೇಶಕ್ಕೆ ನೆಲೆ ಬೇಕು, ಸರಿ. ಎದ್ದುಹೋದವರ ಮಾತನ್ನು ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು. ತುಂಗಭದ್ರಾ ಅಣೆಕಟ್ಟಿನಲ್ಲಿ ಊರು ಮುಳುಗಿಸಿಕೊಂಡವರ ಮಾತನ್ನು ನಮ್ಮ ಕಡೆ ಹಿರಿಯರು ಹೇಳುವ ದನಿಯೂ ಅದೇ.

ಇನ್ನು ನಮ್ಮ ಹತ್ತಿಯ ಕತೆ. ನಮ್ಮ ಎರೆಹೊಲದ ನಾಟಿ ಹತ್ತಿಯನ್ನು, ಧಾರವಾಡ ಸೀಮೆಯ ಹತ್ತಿಯನ್ನು ಹೊರಗಿನ ಪೇಟೆಯಲ್ಲಿ ಅವರವರಿಗೆ ತೋಚಿದ ಹೆಸರಿನಿಂದ ಕರೆಯುತ್ತಿದ್ದರು. ಧಾರವಾಡದ ಕಡೆಯ ತಳಿಗೆ ಅಂಟಿದ ಹೆಸರು ಕುಮಟಾ ಹತ್ತಿ. ಕುಮಟೆಯಲ್ಲಿ ಹತ್ತಿಯ ಹೊಲ ಎಲ್ಲಿದೆ? ಹತ್ತಿ ಹಡಗೇರಿದ್ದು ಅಲ್ಲಿಂದ, ಆದ್ದರಿಂದ ಹೆಸರು ಅದಕ್ಕೆ. ಬೆಳೆದವನ ಊರಿಗಿಂತ ಮಾರಿದವನ ಬಂದರಿಗೆ ಹೆಸರು ಹೆಚ್ಚು.

1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಹತ್ತಿತು. ಅಲ್ಲಿಯ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಬಾಯಿಬಿಟ್ಟವು. ಆಗ ಅವರ ಕಣ್ಣು ನಮ್ಮ ಕಪ್ಪು ಮಣ್ಣಿನ ಮೇಲೆ ಬಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ 1862ರಲ್ಲಿ ತನ್ನವರನ್ನೂ ಹತ್ತಿ ಒತ್ತುವ ಯಂತ್ರಗಳನ್ನೂ ಸದಾಶಿವಗಡಕ್ಕೆ ಕಳಿಸಿತು. ಯಂತ್ರ ಬಂದಿಳಿದಾಗ ಘಟ್ಟದ ರಸ್ತೆ ಇನ್ನೂ ಮುಗಿದಿರಲಿಲ್ಲ. ಬಂದರೆಂಬ ಬಂದರೂ ಇರಲಿಲ್ಲ. ದೇವಗಡದ ದೀಪಸ್ತಂಭ ಬೆಳಗಿದ್ದು ಈ ಆಸೆಯ ದಿನಗಳಲ್ಲೇ. 1865ಕ್ಕೆ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಧಾರಣೆ ಕುಸಿಯಿತು, ಮ್ಯಾಂಚೆಸ್ಟರಿನವರ ಉತ್ಸಾಹವೂ ಇಳಿಯಿತು. ಏರಿದ ಬೆಲೆ ನೋಡಿ ಜೋಳದ ಹೊಲಕ್ಕೂ ಹತ್ತಿ ಹಾಕಿ, ಆಮೇಲೆ ತಲೆಯ ಮೇಲೆ ಕೈಹೊತ್ತು ಕೂತವರು ರೈತರು. ಕಡೆಗೆ ರೈಲು ಬಂದದ್ದು ಕಾರವಾರಕ್ಕಲ್ಲ. 1888ರ ಹೊತ್ತಿಗೆ ಪೋರ್ಚುಗೀಸರ ಮುರಗಾಂವ್ ಬಂದರಿಗೆ. ಘಟ್ಟದ ಮೇಲಿನಿಂದ ಈ ಕರಾವಳಿಗೆ ನೇರ ರೈಲು ಬೇಕೆಂಬ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ಇಂದಿಗೂ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ.

ಈ ಹತ್ತಿಯ ಆಸೆಯಿಂದ ಇನ್ನೊಂದು ಕೆಲಸ ನಡೆಯಿತು; ಅದು ನಮ್ಮ ಮನೆಗೇ ಸಂಬಂಧಿಸಿದ್ದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ, ಎರಡೂ ಕಂಪನಿಯ ಕೈಸೇರಿ ಮದರಾಸಿನ ಆಡಳಿತಕ್ಕೆ ಬಂದವು. ಥಾಮಸ್ ಮನ್ರೋ ಮೊದಲು ಕೆನರಾದ ಕಲೆಕ್ಟರನಾಗಿದ್ದ. ಅಲ್ಲಿಯ ಮಳೆಗೆ ಬೇಸತ್ತು ಬೇರೆ ಕಡೆ ಹಾಕಿ ಎಂದು ಕೇಳಿಕೊಂಡವನು, 1800ರಲ್ಲಿ ನಮ್ಮ ಸೀಮೆಗೆ ಬಂದು ಏಳು ವರ್ಷ ಇದ್ದ. ನಮ್ಮ ಹೊಲಗಳ ಅಳತೆ, ಕಂದಾಯ, ರೈತವಾರಿ ಪದ್ಧತಿ ಎಲ್ಲದರಲ್ಲೂ ಅವನ ಕೈ ಇದೆ. ಹೀಗೆ ಕಾರವಾರವೂ ಬಳ್ಳಾರಿಯೂ ಆರು ದಶಕ ಒಂದೇ ಮನೆಯ ಎರಡು ಕೋಣೆಗಳಾಗಿದ್ದವು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಗೆ ಸೇರಿದ್ದು, ಅದನ್ನು ಸಾಗಿಸುವ ಬಂದರು ಮದರಾಸಿಗೆ ಸೇರಿದ್ದು ವ್ಯಾಪಾರಿಗಳಿಗೆ ತೊಡಕಾಯಿತು. ಅವರ ಒತ್ತಾಯ ಬಲವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. ಬಳ್ಳಾರಿ ಮದರಾಸಿನಲ್ಲೇ ಉಳಿಯಿತು. ಕನ್ನಡಿಗರನ್ನು ಯಾರೂ ಕೇಳಲಿಲ್ಲ.

ಆಮೇಲೆ ನಾವು ನಡೆದ ದಾರಿ ಬೇರೆ ಬೇರೆ. ಬಳ್ಳಾರಿಯ ಮೇಲೆ ಆಂಧ್ರದವರ ಹಕ್ಕು, ಕಾರವಾರದ ಮೇಲೆ ಮಹಾರಾಷ್ಟ್ರದವರ ಹಕ್ಕು ಎಂಬ ಜಗಳಗಳು ಎದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಉತ್ತರ ಕನ್ನಡವೂ ಬಂದು ಸೇರಿತು. ಒಬ್ಬರಿಂದೊಬ್ಬರು ಅಗಲಿ 94 ವರ್ಷವಾದ ಮೇಲೆ ಎರಡು ಜಿಲ್ಲೆಗಳು ಮತ್ತೆ ಒಂದೇ ಸೂರಿನ ಕೆಳಗೆ ಬಂದವು. ಕರ್ನಾಟಕದ ಏಕೀಕರಣ ಎಂದು ನಾವು ಪಾಠದಲ್ಲಿ ಒಂದು ಪದದಲ್ಲಿ ಹೇಳಿ ಮುಗಿಸುವುದರ ಒಳಗೆ ಇಂಥ ಎಷ್ಟು ಅಗಲಿಕೆಗಳಿವೆಯೋ.

ಕೂಡಿದ ಮೇಲೆ ನಾವು ಆ ಕಡಲಿಗೆ ಕಳಿಸಿದ್ದೇನು? ಇದನ್ನು ಬರೆಯುವಾಗ ಬಳ್ಳಾರಿಯವಳಾದ ನನಗೆ ಮುಜುಗರವಾಗುತ್ತದೆ. ಅಂಕೋಲಾ ದಾಟಿ ಕಾರವಾರದ ಕಡೆ ಬರುವಾಗ ಬೇಲೆಕೇರಿ ಸಿಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಲಾರಿಲಾರಿಯಾಗಿ ಇದೇ ಘಟ್ಟ ಇಳಿದು ಬೇಲೆಕೇರಿಯಿಂದ ಹಡಗೇರಿತು. ಪರವಾನಗಿ ಇದ್ದದ್ದೂ ಹೋಯಿತು, ಇಲ್ಲದ್ದೂ ಹೋಯಿತು. 2010ರಲ್ಲಿ ಅಲ್ಲಿ ಜಪ್ತಿ ಮಾಡಿ ಇಟ್ಟ ಲಕ್ಷಾಂತರ ಟನ್ ಅದಿರು ಇಟ್ಟ ಜಾಗದಿಂದಲೇ ಕಾಣೆಯಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅರಬೈಲಿನ ರಸ್ತೆಯ ಅಂಚಿನ ಗಿಡಗಳು ಆಗ ಕೆಂಪು ಧೂಳಿನಲ್ಲಿ ಮಿಂದಿದ್ದವು ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಯಲ್ಲಾಪುರದ ಹೆಂಗಸು ಹೇಳಿದಾಗ, ಅದು ನಮ್ಮೂರ ಕಡೆಯ ಧೂಳು ಎಂದು ನಾನು ಬಾಯಿಬಿಡಲಿಲ್ಲ.

ಕೂರ್ಮಗಡದ ನೆರಳಿನಲ್ಲಿ ಕೂತು ನಾನು ಹಾಕಿದ ಲೆಕ್ಕ ಇಷ್ಟು. ನಮ್ಮ ಬಯಲಿಗೂ ಆ ನೀರಿಗೂ ಇರುವ ದಾರಿ ಐನೂರು ವರ್ಷಕ್ಕಿಂತ ಹಳೆಯದು. ಆ ದಾರಿಯಲ್ಲಿ ಕುದುರೆ ಬಂತು, ಉಪ್ಪು ಬಂತು; ಹತ್ತಿ ಹೋಯಿತು, ಅದಿರು ಹೋಯಿತು. ಪ್ರತಿಯೊಂದನ್ನೂ ಯಾರೋ ಎಣಿಸಿದರು. ರಾಯರ ಕಾಲದಲ್ಲಿ ಕುದುರೆಯ ಬಾಲವನ್ನು ಎಣಿಸಿದರು. ಕಂಪನಿಯವರು ಹತ್ತಿಯ ಅಂಡಿಗೆ ಎಣಿಸಿದರು. ನಮ್ಮ ಕಾಲದಲ್ಲಿ ಟನ್ನುಗಳನ್ನು ಎಣಿಸಿದರು. ಎಣಿಸಬಾರದೆಂದು ಹಣ ಕೊಟ್ಟವರೂ ಇದ್ದರು. ಆದರೆ ಒಂದು ಹುಣ್ಣಿಮೆಯ ಮಧ್ಯಾಹ್ನ ಬಾಳೆಹಣ್ಣಿನ ಪ್ರಸಾದ ಹಿಡಿದು ದೋಣಿ ಹತ್ತಿದ ಜನರನ್ನು ಮಾತ್ರ ಯಾರೂ ಎಣಿಸಲಿಲ್ಲ. ಎಣಿಸಿದ್ದರೆ ದೋಣಿ ತುಂಬಿತು, ಉಳಿದವರು ಮುಂದಿನದಕ್ಕೆ ಬನ್ನಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು.

ಇದನ್ನು ನಾನು ದೂರು ಎಂದು ಬರೆಯುತ್ತಿಲ್ಲ. ಬಯಲುಸೀಮೆಯವರು ಕಡಲಿಗೆ ಹೋಗಬಾರದು ಎಂದೂ ಅಲ್ಲ. ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ನಮ್ಮ ಇತಿಹಾಸದ ಅರ್ಧ ಅಲ್ಲಿ ನೀರಿನ ಮೇಲೆ ತೇಲುತ್ತಿದೆ. ಆದರೆ ನೀರಿನ ಗುಣ ತಿಳಿದು ಹೋಗಬೇಕು. ಮೀನುಗಾರರು ಬೇಡ ಎಂದರೆ ಬೇಡವೇ. ನಮ್ಮ ಊರಿಗೆ ಬಂದ ಕರಾವಳಿಯವರಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಮರಳುವ ಹೊತ್ತಿಗೆ ಬಿಸಿಲು ಇಳಿದಿತ್ತು, ಗಾಳಿ ಎದ್ದಿತ್ತು. ನಮ್ಮ ದೋಣಿಯವರು ಎಲ್ಲರನ್ನೂ ಕೂರಿಸಿ, ಅಂಗಿಯ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ, ಬೆರಳು ಚಾಚಿ ತಲೆ ಎಣಿಸಿದರು. ನಡುವೆ ಒಂದು ಮಗು ತಾಯಿಯ ಮಡಿಲಿನಲ್ಲಿ ಮರೆಯಾಗಿ ಲೆಕ್ಕ ತಪ್ಪಿತು. ಅವರು ಬೇಸರಿಸದೆ ಮತ್ತೆ ಮೊದಲಿನಿಂದ ಎಣಿಸಿದರು. ಇಬ್ಬರು ಹುಡುಗರು ಓಡಿಬಂದು ಹತ್ತಲು ನೋಡಿದಾಗ, "ಇಲ್ಲ, ಮುಂದಿನ ದೋಣಿ," ಎಂದರು. ಹುಡುಗರು ಗೊಣಗಿದರು. ಯಾರೂ ಅವರ ಪರ ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಆ ಹುಡುಗಿಗೆ ದಾರಿ ಹೇಳಿದೆ. ಕರಿಹಲಗೆಯ ಮೇಲೆ ಹಂಪಿಯಿಂದ ಘಟ್ಟದವರೆಗೆ, ಘಟ್ಟದಿಂದ ಕಡಲವರೆಗೆ ಗೆರೆ ಎಳೆದೆ. ಬಾಲದ ಕತೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುದುರಿ ಜೊತಿ ಹಡಗಿನಾಗ ಮನುಷ್ಯಾರೂ ಸತ್ತಿರ್ತಾರಲ್ಲ ಮೇಡಂ, ಅವರಿಗೆ ಏನು ಕೊಡ್ತಿದ್ರು?" ಎಂದಳು. ಅದನ್ನು ಬರೆದಿಟ್ಟವರನ್ನು ನಾನು ಇನ್ನೂ ಓದಿಲ್ಲ, ಓದಿದ ದಿನ ಹೇಳುತ್ತೇನೆ ಎಂದೆ.